ಎಂಜಿನ್ ಬಿಡು, ಬೋಗಿ ನೋಡು

ಹಳೇ ಸಿನಿಮಾದಲ್ಲಿ ರೈಲು ಬಂತೆಂದರೆ ನಿನ್ನ ಕಣ್ಣು ನೇರ ಹೊಗೆ ಉಗುಳುವ ಎಂಜಿನ್ನಿಗೆ ಹೋಗುತ್ತದೆ. ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಆ ರೈಲು ಎಲ್ಲಿಯದು, ಯಾವ ಕಾಲದ್ದು ಅಂತ ತಿಳಿಯಬೇಕಾದರೆ, ಮಗೂ, ಹಿಂದೆ ಬರುವ ಬೋಗಿಗಳನ್ನು ನೋಡು. ಎಂಜಿನ್ ಕ್ಷಣದಲ್ಲಿ ದಾಟಿಬಿಡುತ್ತದೆ; ಬೋಗಿಗಳು ಸಾಲಾಗಿ ಬರುತ್ತಾ ಎಲ್ಲೋ ಒಂದು ಕಡೆ ಗುಟ್ಟು ಬಿಟ್ಟುಕೊಡುತ್ತವೆ.

ಮೊದಲು ಬೋಗಿಯ ತುದಿ. ಎರಡು ಪಕ್ಕಕ್ಕೂ ಪೆಟ್ಟು ತಡೆಯುವ ಒಂದೊಂದು ದುಂಡನೆಯ ಬಫರ್ ಇದ್ದರೆ ನಮ್ಮ ದೇಶದಲ್ಲಿ ಅದು ಬಹುಮಟ್ಟಿಗೆ ಬ್ರಾಡ್ ಗೇಜ್. ನಟ್ಟನಡುವೆ ಒಂದೇ ಇದ್ದು, ಕೊಕ್ಕೆಯೂ ಅಲ್ಲೇ ಇದ್ದರೆ ಹೆಚ್ಚಾಗಿ ಮೀಟರ್ ಗೇಜ್. ಹಳಿಗಳ ನಡುವೆ 1676 ಮಿ.ಮೀ. ಇದೆಯೋ 1000 ಮಿ.ಮೀ. ಇದೆಯೋ ಅಂತ ಪರದೆಗೆ ಟೇಪು ಹಿಡಿಯೋಕಾಗುತ್ತಾ? ಬಫರ್ ಮಾತ್ರ ಕಣ್ಣಿಗೆ ಬೀಳುತ್ತದೆ.

ಸಿನಿಮಾದವರು ಹೇಳುವ ಊರನ್ನಂತೂ ನಂಬಲೇಬೇಡ. 'ಶೋಲೆ'ಯ (1975) ರಾಮಗಢ ನಮ್ಮ ರಾಮನಗರ ಅಂತ ಎಲ್ಲರಿಗೂ ಗೊತ್ತು. ಆಗ ಬೆಂಗಳೂರು-ಮೈಸೂರು ದಾರಿ ಮೀಟರ್ ಗೇಜ್. ಕುದುರೆ ಮೇಲಿನ ದರೋಡೆಕೋರರು ಬೆನ್ನಟ್ಟುವ ರೈಲೋ, ಬ್ರಾಡ್ ಗೇಜಿನದು. ಆ ದೃಶ್ಯ ತೆಗೆದದ್ದು ಪನ್ವೇಲ್ ಕಡೆ. ನಿರ್ದೇಶಕ ಡೇವಿಡ್ ಲೀನ್ ಇನ್ನೂ ಜೋರು. 'ಎ ಪ್ಯಾಸೇಜ್ ಟು ಇಂಡಿಯಾ' (1984) ಕಥೆ ಬಿಹಾರದ ಕಡೆಯದು, ಬಂಡೆಗಳು ಸಾವನದುರ್ಗ-ರಾಮನಗರದವು, ರೈಲು ನೀಲಗಿರಿಯದು! ಅದರಲ್ಲಿ ಅಜೀಜ್ ಎಂಬ ಪಾತ್ರ ಬೋಗಿಯ ಹೊರಗೆ ನೇತಾಡುವುದು ನೆನಪಿದೆಯಲ್ಲ? ಅವನನ್ನು ಬಿಟ್ಟು ಬೋಗಿಯ ಮೈ ನೋಡು: ಹೊರಗೇ ಕಾಲಿಡುವ ಹಲಗೆ, ಪಕ್ಕದಲ್ಲೇ ಬಾಗಿಲುಗಳು. ಆ ನೀಲಗಿರಿ ದಾರಿಯ ಕಡಿದಾದ ಭಾಗದಲ್ಲಿ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಇರುತ್ತದೆ, ಎಂಜಿನ್ ಕೆಳಗಡೆಯಿಂದ ತಳ್ಳುತ್ತದೆ. ಇಷ್ಟು ಕಂಡಮೇಲೆ ಬೇರೆ ಸಾಕ್ಷಿ ಯಾಕೆ?

ಇನ್ನು ಕಾಲ. ಇಲ್ಲಿ ಹುಷಾರಾಗಿರು. ಮರದ ಬೋಗಿ ಕಂಡೊಡನೆ '1930ರದ್ದು' ಅಂದುಬಿಡುವವರೇ ಹೆಚ್ಚು. ರೈಲ್ವೆಯವರು ಯಾವುದನ್ನೂ ಅಷ್ಟು ಬೇಗ ಎಸೆಯುವುದಿಲ್ಲ. ಉಕ್ಕಿನ ಬೋಗಿ ಬಂದಮೇಲೂ ಮರದವು ವರ್ಷಗಟ್ಟಲೆ ಓಡಿದವು. ಹಾಗಾಗಿ ಬೋಗಿ 'ಇದಕ್ಕಿಂತ ಮುಂಚೆಯಲ್ಲ' ಅಂತ ಹೇಳಬಲ್ಲದೇ ಹೊರತು 'ಇದರ ಆಮೇಲಲ್ಲ' ಅಂತ ಹೇಳಲಾರದು. ಚೆನ್ನೈನ ಪೆರಂಬೂರಿನ ಕಾರ್ಖಾನೆ ಉಕ್ಕಿನ ಬೋಗಿ ಮಾಡತೊಡಗಿದ್ದು 1955ರಲ್ಲಿ. ಸ್ವಾತಂತ್ರ್ಯ ಹೋರಾಟದ ಚಿತ್ರದಲ್ಲಿ ಅಂಥದ್ದೊಂದು ಹಾದುಹೋದರೆ ಅದು ಆ ಕಾಲದ ತುಣುಕಲ್ಲ, ಆಮೇಲೆ ತೆಗೆದದ್ದು. ಬೋಗಿಯ ಮೇಲಿನ ಅಕ್ಷರ ಓದಲು ಸಿಕ್ಕರಂತೂ ಲಾಟರಿ. ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ, ಸೌತ್ ಇಂಡಿಯನ್, ಮೈಸೂರು ರೈಲ್ವೆಗಳು ಸೇರಿ ದಕ್ಷಿಣ ರೈಲ್ವೆ ಆದದ್ದು 1951ರ ಏಪ್ರಿಲ್‌ನಲ್ಲಿ, 'ಎಸ್.ಆರ್.' (ಸದರ್ನ್ ರೈಲ್ವೆ) ಅಂತಿದ್ದರೆ ಅದಕ್ಕೂ ಹಿಂದಿನದಲ್ಲ. ಅಕ್ಷರ ತಿರುಗುಮುರುಗಾಗಿ ಕಂಡರೆ ಫಿಲ್ಮನ್ನೇ ಮಗುಚಿ ಹಾಕಿದ್ದಾರೆ, ಬಾಗಿಲು-ಶೌಚಾಲಯ ಯಾವ ಕಡೆ ಅಂತೆಲ್ಲ ಲೆಕ್ಕ ಹಾಕಿ ತಲೆ ಕೆಡಿಸಿಕೊಳ್ಳಬೇಡ.

ಒಳಗಿನ ದೃಶ್ಯ ಕಂಡು ತೀರ್ಮಾನಕ್ಕೆ ಬರಲೂ ಬೇಡ. ಎಷ್ಟೋ ಸಲ ಅದು ಸ್ಟುಡಿಯೋದಲ್ಲಿ ಕಟ್ಟಿದ್ದು. ಕ್ಯಾಮೆರಾ ಓಡಾಡಲೆಂದು ಸೀಟಿನ ನಡುವಿನ ಜಾಗ ಮದುವೆ ಮಂಟಪದಷ್ಟು ಬೆಳೆದಿರುತ್ತದೆ.

ಓದಿದ್ದು ಸಾಲದು, ಕಣ್ಣಿಗೆ ರೂಢಿಯಾಗಬೇಕು. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ 1899ರ ಮಹಾರಾಣಿ ಸಲೂನ್ ಬೋಗಿ ಇದೆ. ಎಲ್ಲರೂ ಒಳಗಿನ ವೈಭವ ನೋಡಲು ಮುಗಿಬೀಳುತ್ತಾರೆ. ನೀನು ತುದಿಗೆ ಹೋಗಿ ಬಫರ್ ನೋಡು, ಬಗ್ಗಿ ಚಕ್ರ ನೋಡು. ಕಾವಲಿನವನು ಗದರಿದರೆ ನನ್ನ ಹೆಸರು ಮಾತ್ರ ಹೇಳಬೇಡ.