ನೌಕರಿಗೆ ಹೋಗುವ ಮುಂಚೆ ಲೆಕ್ಕ ಮುಗಿಸು

ತಮ್ಮಾ, ಬೆಂಗಳೂರಿನ ಕಂಪನಿಯಿಂದ ಆಫರ್ ಲೆಟರ್ ಬಂತೆಂದು ಕಮಲಾಪುರದ ಓಣಿಗೆಲ್ಲ ಪೇಢೆ ಹಂಚಿದೆ. ಹೊಟ್ಟೆ ತುಂಬಾ ಸಂತೋಷವಾಯಿತು. ಕಲಬುರಗಿಯಲ್ಲಿ ಒಂದು ಕೋಣೆ ಹಿಡಿದು, ದಾಲ್ ಮಿಲ್‌ನವರಿಗೂ ಆಸ್ಪತ್ರೆಯವರಿಗೂ ವೆಬ್‌ಸೈಟ್ ಮಾಡಿಕೊಟ್ಟು ಸ್ವಂತ ಕಾಲ ಮೇಲೆ ನಿಂತ ಹುಡುಗ ನೀನು. ಬುದ್ಧಿಗೇನೂ ಕಮ್ಮಿಯಿಲ್ಲ, ಅವಸರವೇ ಜಾಸ್ತಿ. ಶಟರ್ ಎಳೆದು ಬೀಗದ ಕೈ ಮಾಲೀಕನಿಗೆ ಕೊಟ್ಟರೆ ಮುಗಿಯಿತು ಎಂದುಕೊಂಡಿದ್ದೀಯ. ತೆರಿಗೆಯವರ ಪುಸ್ತಕದಲ್ಲಿ ನಿನ್ನ ಅಂಗಡಿ ಇನ್ನೂ ತೆರೆದೇ ಇದೆಯಲ್ಲ!

ಅಕ್ಟೋಬರ್‌ನಿಂದ ನೀನು ಸಂಬಳದವನಾದರೂ ವರ್ಷ ಒಂದೇ, ಏಪ್ರಿಲ್‌ನಿಂದ ಮಾರ್ಚ್. ಕೈಯಲ್ಲಿ ಪೆನ್ನು ಹಿಡಿ. ಮೊದಲ ಆರು ತಿಂಗಳು ಸ್ವಂತ ಕೆಲಸದಲ್ಲಿ 7 ಲಕ್ಷ ಉಳಿಯಿತು ಅನ್ನು. ಆಮೇಲಿನ ಆರು ತಿಂಗಳ ಸಂಬಳ 6 ಲಕ್ಷ 60 ಸಾವಿರ. ಕಂಪನಿ ತಾನು ಕೊಡುವ ಸಂಬಳವನ್ನಷ್ಟೇ ನೋಡಿ ಒಂದು ಪೈಸೆ ಟಿಡಿಎಸ್ ಹಿಡಿಯುವುದಿಲ್ಲ. 12 ಲಕ್ಷದ ತನಕ ತೆರಿಗೆಯೇ ಇಲ್ಲ ಎಂದು ನೀನೂ ಹಾಯಾಗಿರುತ್ತೀಯ. ಈಗ ಎರಡನ್ನೂ ಕೂಡಿಸು. ಸಂಬಳದವರಿಗೆ ಸಿಗುವ 75,000 ಕಳೆ. 12 ಲಕ್ಷ 85 ಸಾವಿರ ಆಯಿತೇ? 2025-26ರ ಹೊಸ ಪದ್ಧತಿಯ ದರದಲ್ಲಿ ಸೆಸ್ ಸೇರಿ 75,660 ರೂಪಾಯಿ ಕಟ್ಟಬೇಕು! ಇದನ್ನು ಮಾರ್ಚ್ 15ರೊಳಗೆ ಮುಂಗಡ ತೆರಿಗೆಯಾಗಿ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ. ಹೊಸ ಆಫೀಸಿನ ಅಕೌಂಟ್ಸ್‌ನವರಿಗೆ ಹಳೆಯ ಗಳಿಕೆ ಇಷ್ಟೆಂದು ಬರೆದುಕೊಟ್ಟರೆ ಅವರೇ ಸಂಬಳದಲ್ಲಿ ಹಿಡಿದು ಕಟ್ಟುತ್ತಾರೆ. ಹೇಳಲು ನಾಚಿಕೆ ಯಾಕೆ? ದುಡಿದ ದುಡ್ಡು ಅದು.

ಆ ವರ್ಷದ ರಿಟರ್ನ್‌ಗೆ ಗೆಳೆಯರು ತುಂಬುವ ಐಟಿಆರ್-1 ನಡೆಯುವುದಿಲ್ಲ. ಸ್ವಂತ ಕೆಲಸದ ಆದಾಯ ಇದ್ದ ವರ್ಷ 3 ಅಥವಾ 4 ತುಂಬಬೇಕು. ಆಸ್ಪತ್ರೆಯವರು ಬಾಕಿ ಹಣವನ್ನು ಜನವರಿಯಲ್ಲಿ ಹಾಕಿದರೂ ಅದು ಆದಾಯವೇ. ಅವರು ಹಿಡಿದ ಟಿಡಿಎಸ್ ನಿನ್ನ ಪ್ಯಾನ್ ಮೇಲೆ ಕೂತಿರುತ್ತದೆ, ಅದನ್ನು ಕೇಳಿ ಪಡೆ. ಬಾಕಿ ಕೇಳಲು ಸಂಕೋಚಪಡುವ ನಿನ್ನ ಸ್ವಭಾವ ನನಗೆ ಗೊತ್ತು. ಊರು ಬಿಡುವ ಮುಂಚೆ ಒಬ್ಬೊಬ್ಬರ ಬಾಗಿಲಿಗೂ ಹೋಗಿ ಬಾ.

ಇನ್ನೊಂದು ಮಾತು. ವೆಬ್‌ಸೈಟಿನ ದುಡ್ಡನ್ನು ಅಪ್ಪನ ಕೆಂಪು ಬಾಳೆಯ ಲೆಕ್ಕಕ್ಕೆ ತಳ್ಳು ಎಂದು ಯಾರಾದರೂ ಕಿವಿ ಊದಿದರೆ ಕೇಳಬೇಡ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಅದು ಅಪ್ಪನ ಬೆವರಿಗೆ ಸಿಕ್ಕ ರಿಯಾಯಿತಿ, ನಿನ್ನ ಕಂಪ್ಯೂಟರಿಗಲ್ಲ.

ಜಿಎಸ್‌ಟಿಯ ತಲೆನೋವು ಬೇರೆಯೇ ಇದೆ. 20 ಲಕ್ಷದ ಮಿತಿ ಮುಟ್ಟದಿದ್ದರೂ ದಾಲ್ ಮಿಲ್‌ನವರು ಬಿಲ್ ಕೇಳಿದರೆಂದು ನೋಂದಣಿ ಮಾಡಿಸಿದ್ದೆಯಲ್ಲ, ಕೆಲಸ ನಿಲ್ಲಿಸಿದ 30 ದಿನದೊಳಗೆ ಅದರ ರದ್ದತಿಗೆ ಅರ್ಜಿ ಹಾಕು. ಕಂಪ್ಯೂಟರ್ ಕೊಂಡಾಗ ಪಡೆದ ಇನ್‌ಪುಟ್ ಕ್ರೆಡಿಟ್‌ನಲ್ಲಿ ಉಳಿದ ಅವಧಿಯ ಪಾಲನ್ನು ತಿರುಗಿ ಕಟ್ಟಬೇಕಾಗಬಹುದು. ರದ್ದಾಯಿತು ಎಂದು ಆದೇಶ ಬಂದ ಕೂಡಲೇ ಹುಡುಗರು ಮೈಮರೆಯುತ್ತಾರೆ. ಆಮೇಲೂ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಉಂಟು, ಗಡುವು ಮೂರು ತಿಂಗಳು. ಅದನ್ನು ಮರೆತರೆ ವಿಳಂಬ ಶುಲ್ಕ ದಿನದ ಲೆಕ್ಕದಲ್ಲಿ ಬೆಳೆಯುತ್ತದೆ.

ವೃತ್ತಿ ತೆರಿಗೆಯನ್ನು ಇಷ್ಟು ದಿನ ನೀನೇ ವರ್ಷಕ್ಕೆ 2,500 ಕಟ್ಟುತ್ತಿದ್ದೆ. ಇನ್ನು ಕಂಪನಿ ಸಂಬಳದಲ್ಲೇ ಹಿಡಿಯುತ್ತದೆ. ಹಳೆಯ ದಾಖಲಾತಿ ರದ್ದು ಮಾಡಿಸದಿದ್ದರೆ ಎರಡೂ ಕಡೆ ನಿನ್ನ ಹೆಸರೇ ನಿಲ್ಲುತ್ತದೆ.

ಬೆಂಗಳೂರಿಗೆ ಹೋದ ಕೂಡಲೇ ಹೊಸ ಸಿಮ್ ಹಾಕಿ ಹಳೆಯದನ್ನು ಬಿಸಾಡಬೇಡ. ಒಟಿಪಿ, ನೋಟಿಸಿನ ಸುದ್ದಿ ಎಲ್ಲಾ ಆ ನಂಬರಿಗೇ ಬರುತ್ತವೆ. ಬಿಲ್‌ಗಳನ್ನೂ ರದ್ದಿಗೆ ಹಾಕಬೇಡ, ಜಿಎಸ್‌ಟಿ ಲೆಕ್ಕವನ್ನು ಆರು ವರ್ಷಕ್ಕೂ ಮೀರಿ ಇಟ್ಟಿರಬೇಕು. ಶನಿವಾರ ಬಿಲ್ಲಿನ ಚೀಲ, ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಮನೆಗೆ ಬಾ. ಕೂತು ವರ್ಷವಾರು ವಿಂಗಡಿಸೋಣ, ಆಮೇಲೆ ಆಡಿಟರ್ ಹತ್ತಿರ ಹೋಗುವಿಯಂತೆ.