ರುಬೊಂಡೋ ದ್ವೀಪದ ಚಿಂಪಾಂಜಿಗಳು

ಪಂಜರದಲ್ಲಿ ಬೆಳೆದ ಪ್ರಾಣಿಯು ಪುನಃ ಅರಣ್ಯವಾಸಕ್ಕೆ ಯೋಗ್ಯವಾಗಬಲ್ಲದೋ? ಈ ಪ್ರಶ್ನೆಗೆ ಆಫ್ರಿಕಾ ಖಂಡದ ಒಂದು ದ್ವೀಪವು ಕೊಟ್ಟಿರುವ ಉತ್ತರವನ್ನು ನಾವು ಇಲ್ಲಿ ವಿಚಾರಿಸುವೆವು.

ವಿಕ್ಟೋರಿಯಾ ಮಹಾಸರೋವರದ ನೈರುತ್ಯ ಭಾಗದಲ್ಲಿ, ಟಾಂಜಾನಿಯಾ ದೇಶಕ್ಕೆ ಸೇರಿದ ರುಬೊಂಡೋ ದ್ವೀಪವುಂಟು. ಅದರ ವಿಸ್ತೀರ್ಣವು ಸುಮಾರು 240 ಚದರ ಕಿಲೋಮೀಟರು; ಬಹುಭಾಗವು ಬಳ್ಳಿಗಳಿಂದ ಹೆಣೆದ ದಟ್ಟವಾದ ಕಾಡು. ಪೂರ್ವದಲ್ಲಿ ಅಲ್ಲಿ ಚಿಂಪಾಂಜಿಗಳಿರಲಿಲ್ಲ. ಜರ್ಮನಿಯ ಪ್ರಾಣಿಶಾಸ್ತ್ರಜ್ಞರಾದ ಬರ್ನ್‌ಹಾರ್ಡ್ ಗ್ರ್ಜಿಮೆಕ್ ಎಂಬವರು 1966ರಿಂದ 1969ರ ವರೆಗೆ 17 ಚಿಂಪಾಂಜಿಗಳನ್ನು ತರಿಸಿ ಅಲ್ಲಿ ಬಿಡಿಸಿದರು. ಅವು ಯೂರೋಪಿನ ಪ್ರಾಣಿಸಂಗ್ರಹಾಲಯ ಮುಂತಾದ ಸ್ಥಳಗಳಲ್ಲಿ ಸೆರೆಯಲ್ಲಿದ್ದವು. ಅಡವಿಯಲ್ಲಿ ತಾಯಿಯು ವರ್ಷಗಟ್ಟಲೆ ಮರಿಯನ್ನು ಜತೆಯಲ್ಲಿಟ್ಟುಕೊಂಡು ಕಲಿಸುವ ವಿದ್ಯೆಯು ಇವುಗಳಿಗೆ ಪೂರ್ಣವಾಗಿ ದೊರೆತಿರಲಿಲ್ಲ. ಆದಾಗ್ಯೂ ಒಂದು ವರ್ಷದೊಳಗೆ ಅವು ಕಾಡಿನ ಹಣ್ಣು ಎಲೆಗಳನ್ನು ಆರಿಸಿ ತಿನ್ನಲೂ ಮರದ ಮೇಲೆ ಹಾಸಿಗೆ ಮಾಡಿಕೊಳ್ಳಲೂ ಕಲಿತವು. ಸುಖವೇ ಎಲ್ಲವೂ ಆಗಲಿಲ್ಲ. ಮನುಷ್ಯರ ಭಯವಿಲ್ಲದ ಕೆಲವು ಜನರ ಮೇಲೆ ಬಿದ್ದುದರಿಂದ ಅವನ್ನು ಕೊಲ್ಲಬೇಕಾಯಿತು. ಉಳಿದವುಗಳ ಸಂತತಿಯು ಹೆಚ್ಚಿ, ಮನುಷ್ಯರನ್ನು ಕಂಡರೆ ಓಡಿಹೋಗುವ ನಿಜವಾದ ಕಾಡುಪ್ರಾಣಿಗಳಾದವು. 1977ರಲ್ಲಿ ರುಬೊಂಡೋ ರಾಷ್ಟ್ರೀಯ ಉದ್ಯಾನವಾಯಿತು.

ಹೀಗೆ ಅಡಗಿರುವವುಗಳನ್ನು ಹುಡುಕುವುದು ಹೇಗೆ? ಪ್ರಾಣಿಯನ್ನಲ್ಲ, ಮೊದಲು ಅದರ ಗುರುತನ್ನು ಹುಡುಕಬೇಕು. ಚಿಂಪಾಂಜಿಯು ಪ್ರತಿ ರಾತ್ರಿ ಕೊಂಬೆಗಳನ್ನು ಬಗ್ಗಿಸಿ ಹೊಸ ಹಾಸಿಗೆಯನ್ನು ಕಟ್ಟುವುದು. ಅದರ ಎಲೆಗಳು ಹಸುರಾಗಿದ್ದರೆ ಅದು ಹೊಸತು, ಒಣಗಿದ್ದರೆ ಹಳೆಯದು. ಕೆಸರಿನಲ್ಲಿ ಪಾದದ ಸಂಗಡ ಮಡಚಿದ ಬೆರಳುಗಳ ಗೆಣ್ಣಿನ ಗುರುತೂ ಇರುವುದು, ಯಾಕಂದರೆ ಅದು ಕೈಗಳನ್ನು ಹಾಗೆ ಊರಿ ನಡೆಯುತ್ತದೆ. ರಸ ಹೀರಿ ಉಗುಳಿದ ಹಣ್ಣಿನ ನಾರು, ಬೀಜ ತುಂಬಿದ ಮಲ, ದೂರದಿಂದ ಕೇಳಿಬರುವ ಕೂಗು, ಮರದ ಬೇರುಗಳನ್ನು ಬಡಿಯುವ ಸದ್ದು, ಇವೆಲ್ಲವೂ ದಾರಿ ತೋರಿಸುವವು. ಆದರೆ ಗುಂಪು ಹಗಲಲ್ಲಿ ಚಿಕ್ಕ ಚಿಕ್ಕ ತಂಡಗಳಾಗಿ ಚದರುವುದರಿಂದ ದಿನವೆಲ್ಲಾ ನಡೆದವರೂ ಒಂದನ್ನೂ ಕಾಣದೆ ಹಿಂದಿರುಗುವುದುಂಟು. ಹಾಗೂ ದಿನದಿನವೂ ಶಾಂತವಾಗಿ ಹಿಂಬಾಲಿಸಿ, ತಮ್ಮಿಂದ ಕೇಡಿಲ್ಲವೆಂಬ ನಂಬಿಕೆಯನ್ನು ಅವುಗಳಲ್ಲಿ ಹುಟ್ಟಿಸುವ ಪ್ರಯತ್ನವು ಅಲ್ಲಿ ನಡೆದಿದೆ.

ಈ ನಂಬಿಕೆಯಲ್ಲಿಯೇ ಒಂದು ಅಪಾಯವುಂಟು. ನಮ್ಮ ನೆಗಡಿ ಕೆಮ್ಮುಗಳು ಚಿಂಪಾಂಜಿಗಳಿಗೆ ಅಂಟಿ ಪ್ರಾಣವನ್ನೇ ತೆಗೆಯಬಹುದು. ಆದುದರಿಂದ ರೋಗಿಯಾದವನು ಅವುಗಳ ಬಳಿಗೆ ಹೋಗಬಾರದು; ಆರೋಗ್ಯವಂತನೂ ದೂರದಲ್ಲಿಯೇ ನಿಲ್ಲಬೇಕು.

ಸೆರೆಯಿಂದ ಬಿಡಿಸುವುದು ಉಪಕಾರದ ಮೊದಲನೆಯ ಭಾಗ ಮಾತ್ರ. ಬಿಡುಗಡೆ ಹೊಂದಿದವರು ತಮ್ಮ ಕಾಲ ಮೇಲೆ ನಿಲ್ಲುವಂತೆ ನಾವು ಹಿಂದಕ್ಕೆ ಸರಿದು ನಿಲ್ಲುವುದು ಎರಡನೆಯದು. ಮಕ್ಕಳನ್ನು ಬೆಳೆಸುವ ತಾಯಿತಂದೆಗಳಿಗೂ, ಶಾಲೆಯನ್ನು ಬಿಟ್ಟು ಲೋಕದಲ್ಲಿ ಕಾಲಿಟ್ಟಿರುವ ನಮ್ಮ ಸಹೋದರಿಯರಿಗೂ ಈ ಪಾಠವು ಅನ್ಯವಾದುದೇನೂ ಅಲ್ಲ.