ಸೀಗಡಿ–ಶಾವಿಗೆಯ ಊಟ: ಮನೆಯಲ್ಲಿ ಸಿದ್ಧಪಡಿಸುವ ಕ್ರಮ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬ ದೊರೆ ಕಾಕುತ್ಸ್ಥವರ್ಮನು ಕೆರೆಯೊಂದನ್ನು ತೋಡಿಸಿದ ಸಂಗತಿಯು ಅಲ್ಲಿನ 5ನೆಯ ಶತಮಾನದ ಸ್ತಂಭಶಾಸನದಲ್ಲಿ ದಾಖಲಾಗಿರುವುದು. ಕುಮುದ್ವತಿಗೆ ಕಟ್ಟೆ ಹಾಕಿರುವ ಅಂಜನಾಪುರದ ಜಲಾಶಯದಿಂದ ಹಿಡಿದು ಊರೂರಿನ ಸಣ್ಣ ಕೆರೆಗಳವರೆಗೆ ನೀರು ಗದ್ದೆಗೆ ಎಷ್ಟು ಅವಶ್ಯವೆಂಬುದನ್ನು ಇಲ್ಲಿನ ಜಮೀನುದಾರರಿಗೆ ಹೇಳಬೇಕಾದುದಿಲ್ಲ. ಆದರೆ ಕೆರೆಯು ಭತ್ತವನ್ನು ಬೆಳೆಸುವುದಲ್ಲದೆ ಮೀನು ಸೀಗಡಿಗಳನ್ನೂ ಕೊಡುತ್ತದೆ. ಈ ಎರಡನೆಯ ಫಲದ ಕಡೆಗೆ ಗಮನವು ಸಾಲದು. ಬೇಸಗೆಯಲ್ಲಿ ಊರ ಹಿರಿಯರು ದಿನ ಗೊತ್ತುಮಾಡಿ, ಜನರೆಲ್ಲರೂ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುವ ಪದ್ಧತಿಯು ಈ ಪ್ರಾಂತದಲ್ಲಿ ಪ್ರಸಿದ್ಧವಾದುದು. ಅಂದು ಕೈಗೆ ಬಂದ ಪದಾರ್ಥದಲ್ಲಿ ಎಷ್ಟೋ ಪಾಲು ಬಿಸಿಲಿಗೆ ಸಿಕ್ಕಿ ಸಂಜೆಯೊಳಗೆ ಕೆಡುವುದು.

ಸೀಗಡಿಯನ್ನು ಶಾವಿಗೆಯೊಡನೆ ಕೂಡಿಸಿ ಒಂದು ಪೂರ್ಣವಾದ ಊಟವನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಒಲೆಯ ಮುಂದಿನ ಕೆಲಸವು ಅರ್ಧ ಗಂಟೆಯದು. ಆದರೆ ಊಟದ ಗುಣವು ನಿರ್ಣಯವಾಗುವುದು ಒಲೆಯ ಮುಂದೆ ಅಲ್ಲ. ಕೆರೆಯ ದಂಡೆಯಲ್ಲಿಯೂ ಹೊಲದಲ್ಲಿಯೂ ಎಂಬುದನ್ನು ವಾಚಕರು ಮೊದಲು ತಿಳಿಯತಕ್ಕುದು.

ಈ ಅಡಿಗೆಯ ಮೂಲ

ಗ್ರೀಸ್ ದೇಶದ ಸಮುದ್ರತೀರದ ಜನರು ಸೀಗಡಿಯನ್ನು ಟೊಮಾಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆಗಳೊಡನೆ ಬೇಯಿಸಿ, ಮೇಲೆ ಫೆಟಾ ಎಂಬ ಉಪ್ಪುನೀರಿನಲ್ಲಿ ಇಟ್ಟ ಗಿಣ್ಣನ್ನು ಪುಡಿಮಾಡಿ ಉದುರಿಸುವರು. ಸಗಾನಿ ಎಂಬ ಎರಡು ಹಿಡಿಗಳ ಬಾಣಲೆಯಲ್ಲಿ ಮಾಡುವುದರಿಂದ ಇದಕ್ಕೆ ಸಗನಾಕಿ ಎಂದು ಹೆಸರು. ಇದನ್ನು ಗೋಧಿಯ ಪಾಸ್ತಾದೊಡನೆ ಕಲಸಿ ಉಣ್ಣುವ ರೂಢಿಯೂ ಉಂಟು. ಪಾಸ್ತಾ ಎಂಬುದು ನಮ್ಮ ಶಾವಿಗೆಯ ಜಾತಿಯ ಪದಾರ್ಥವೇ ಆಗಿದೆ. ಟೊಮಾಟೊ ಅವರಿಗೂ ನಮಗೂ ಅಮೆರಿಕಾ ಖಂಡದಿಂದ ಬಂದ ಕಾಯಿ. ಇನ್ನುಳಿದವುಗಳಲ್ಲಿ ಆಲಿವ್ ಎಣ್ಣೆಗೆ ಬದಲು ಶೇಂಗಾ ಎಣ್ಣೆಯೂ, ಫೆಟಾಕ್ಕೆ ಬದಲು ಮನೆಯ ಹಾಲಿನ ಪನೀರೂ ಸಾಕು. ಅವರು ಉಪಯೋಗಿಸುವ ಆರಿಗಾನೊ ಎಂಬ ಸೊಪ್ಪಿನ ಪರಿಮಳಕ್ಕೆ ಕಾರಣವಾದ ಕಾರ್ವಕ್ರಾಲ್, ಥೈಮಾಲ್ ಎಂಬ ತೈಲಾಂಶಗಳು ನಮ್ಮ ಹಿತ್ತಿಲಿನ ದೊಡ್ಡಪತ್ರೆಯಲ್ಲಿಯೂ ಇರುವುವು. ಆದುದರಿಂದ ಹೊರದೇಶದ ಯಾವ ಸಾಮಾನನ್ನೂ ತರಿಸಬೇಕಾದುದಿಲ್ಲ.

ಸೀಗಡಿಯ ಆಯ್ಕೆ

ಸೀಗಡಿಯನ್ನು ಕುಂದಾಪುರದ ಕಡೆಯಲ್ಲಿ ಚಟ್ಲಿ ಎಂದೂ ತುಳುವಿನಲ್ಲಿ ಎಟ್ಟಿ ಎಂದೂ ಕರೆಯುವರು. ಈ ತಾಲ್ಲೂಕುಗಳ ಮನೆಗಳಿಗೆ ಅದು ಮೂರು ಬಗೆಯಲ್ಲಿ ಒದಗಬಹುದು. ಕೆರೆಹೊಳೆಗಳಲ್ಲಿ ತಾನಾಗಿ ಬೆಳೆಯುವ ಸಣ್ಣ ಸೀಗಡಿಯು ಮೊದಲನೆಯದು. ಇದು ಕೂಣಿಗೆ ಸಿಕ್ಕುವುದು ಕಡಿಮೆ, ಸಣ್ಣ ಕಣ್ಣಿನ ಬಲೆಗೆ ಬರುವುದು. ಮರಿಗಳನ್ನು ತಂದುಬಿಟ್ಟು ಸಾಕಿದ ಸಿಹಿನೀರಿನ ದೊಡ್ಡ ಸೀಗಡಿಯು ಎರಡನೆಯದು. ಇದರ ಎಳೆಮರಿಗಳು ಅರೆ ಉಪ್ಪುನೀರಿನಲ್ಲಿ ಮಾತ್ರ ಬದುಕುವುದರಿಂದ ಇದು ನಮ್ಮ ಕೆರೆಗಳಲ್ಲಿ ವಂಶಾಭಿವೃದ್ಧಿ ಮಾಡಲಾರದು. ಪ್ರತಿಸಲವೂ ಮರಿಗಳನ್ನು ಮರಿ ಉತ್ಪಾದನಾ ಕೇಂದ್ರದಿಂದ ತರಬೇಕು. ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಘಟ್ಟವೇರಿ ಬರುವ ಸಮುದ್ರದ ಸೀಗಡಿಯು ಮೂರನೆಯದು.

ಯಾವುದನ್ನು ಕೊಂಡರೂ ಪರೀಕ್ಷಿಸುವ ಕ್ರಮವು ಒಂದೇ. ಹೊಸ ಸೀಗಡಿಯ ಚಿಪ್ಪು ಹೊಳಪಾಗಿಯೂ ಮೈ ಗಟ್ಟಿಯಾಗಿಯೂ ಇರುವುದು. ತಲೆಯು ಮೈಗೆ ಬಿಗಿಯಾಗಿ ಅಂಟಿಕೊಂಡಿರುವುದು. ವಾಸನೆಯು ಕೆರೆಯ ಅಥವಾ ಸಮುದ್ರದ ನೀರಿನಂತೆ ತೆಳುವಾಗಿರುವುದು. ತಲೆ ಜೋಲುಬಿದ್ದು, ಮೈ ಜಿಗುಟಾಗಿ, ಮೂಗಿಗೆ ಘಾಟು ಹೊಡೆಯುವ ಸೀಗಡಿಯನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಕೊಳ್ಳಕೂಡದು. ಮಸಾಲೆಯು ವಾಸನೆಯನ್ನು ಮುಚ್ಚಬಹುದೇ ಹೊರತು ದೋಷವನ್ನು ಕಳೆಯಲಾರದು.

ಸೀಗಡಿಯು ಇತರ ಮಾಂಸಗಳಿಗಿಂತ ಬೇಗ ಕೆಡುವುದಕ್ಕೆ ಕಾರಣವುಂಟು. ಅದರ ತಲೆಯೊಳಗಿರುವ ಜೀರ್ಣಾಂಗದ ರಸಗಳು ಸತ್ತೊಡನೆಯೇ ಮೈಯ ಮಾಂಸವನ್ನು ಕರಗಿಸತೊಡಗುವುವು. ಹೊರಗಿನ ಸೂಕ್ಷ್ಮಾಣುಗಳು ಆ ಕೆಲಸವನ್ನು ಮುಂದುವರಿಸುವುವು. ಆದುದರಿಂದ ಹಿಡಿದೊಡನೆ ಶುದ್ಧವಾದ ತಣ್ಣೀರಿನಲ್ಲಿ ತೊಳೆದು, ಸೀಗಡಿಯ ತೂಕದಷ್ಟೇ ಪುಡಿಮಾಡಿದ ಮಂಜುಗಡ್ಡೆಯನ್ನು ಪದರಪದರವಾಗಿ ಹರಡಿ ಇಡಬೇಕು. ಕರಗಿದ ನೀರು ಕೆಳಗೆ ಹರಿದುಹೋಗುವಂತೆ ಪಾತ್ರೆಗೆ ತೂತು ಇರತಕ್ಕುದು. ಮಂಜುಗಡ್ಡೆಯು ದೊರೆಯದಿದ್ದಲ್ಲಿ ನೆರಳಿನಲ್ಲಿ ಕುಳಿತು ತಲೆಗಳನ್ನು ಮುರಿದು ತೆಗೆದು, ತಡಮಾಡದೆ ಮನೆಗೆ ಒಯ್ದು ಬೇಯಿಸಬೇಕು. ಕೆರೆಬೇಟೆಯ ದಿನ ಮಂಜುಗಡ್ಡೆಯನ್ನು ಮುಂಚಿತವಾಗಿ ತರಿಸಿಡುವ ಏರ್ಪಾಡನ್ನು ಊರ ಮುಖ್ಯಸ್ಥರು ಮಾಡಿದಲ್ಲಿ, ಆ ಒಂದು ಖರ್ಚಿನಿಂದ ಊರಿಗೆಲ್ಲ ಉಪಕಾರವಾಗುವುದು.

ಶಾವಿಗೆಗೆ ತಕ್ಕ ಗೋಧಿ

ಮಲೆನಾಡಿನ ಮನೆಗಳಲ್ಲಿ ಅಕ್ಕಿಯ ಒತ್ತುಶಾವಿಗೆಯು ಬಳಕೆಯಲ್ಲಿದೆ. ಅದು ರುಚಿಯಾದುದೇ, ಆದರೆ ಮೊದಲೇ ಬೆಂದುದಾದ್ದರಿಂದ ಗೊಜ್ಜಿನಲ್ಲಿ ಕುದಿಸಿದರೆ ಮುದ್ದೆಯಾಗುವುದು. ಅದನ್ನೇ ಉಪಯೋಗಿಸುವವರು ಅಡಿಗೆಯನ್ನು ಒಲೆಯಿಂದ ಇಳಿಸಿದ ಮೇಲೆ ಕೈಯಿಂದ ಬಿಡಿಸಿ ಸೇರಿಸಬೇಕು.

ಈ ಊಟಕ್ಕೆ ಗೋಧಿಯ ಒಣಶಾವಿಗೆಯು ಹೆಚ್ಚು ಅನುಕೂಲವಾದುದು. ಎಲ್ಲ ಗೋಧಿಯೂ ಒಂದೇ ಅಲ್ಲ. ಚಪಾತಿಗೆ ಬಳಸುವ ಸಾಧಾರಣ ಗೋಧಿಯ ಶಾವಿಗೆಯು ಬೇಗ ಅಂಟಿಕೊಳ್ಳುವುದು. ಇಟಲಿ, ಗ್ರೀಸ್ ದೇಶಗಳಲ್ಲಿ ಪಾಸ್ತಾಕ್ಕೆ ಡ್ಯೂರಮ್ ಎಂಬ ಗಡುಸು ಕಾಳಿನ ಗೋಧಿಯನ್ನೇ ಆರಿಸುವುದು ಈ ಕಾರಣದಿಂದ. ನಮ್ಮಲ್ಲಿ ಅದಕ್ಕೆ ಹತ್ತಿರದ ಬಂಧುವೆಂದರೆ ಧಾರವಾಡ, ಬೆಳಗಾವಿ ಸೀಮೆಯ ಸದಕ ಅಥವಾ ಕಪ್ಲಿ ಎಂಬ ಗೋಧಿ. ಇದರ ಕಾಳು ಗಡುಸು, ರವೆಯು ಕೆಂಪುಛಾಯೆಯದು, ಇದರ ಶಾವಿಗೆಯು ಬೆಂದರೂ ಎಳೆ ಎಳೆಯಾಗಿ ನಿಲ್ಲುವುದು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಈ ಜಾತಿಯಲ್ಲಿ ಡಿ.ಡಿ.ಕೆ. 1009, ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮುಂತಾದ ಗಿಡ್ಡ ತಳಿಗಳನ್ನು ಹೊರತಂದಿದೆ. ಮಳೆ ಹೆಚ್ಚಾದ ನಮ್ಮ ಗದ್ದೆಬಯಲಿಗೆ ಗೋಧಿಯ ಬೇಸಾಯವು ಹೇಳಿದುದಲ್ಲ. ಎರೆಭೂಮಿಯ ಕಡೆಯಿಂದ ಕಾಳನ್ನು ಕೊಂಡುತಂದು, ಬೇಸಗೆಯ ಬಿಸಿಲಿನಲ್ಲಿ ಶಾವಿಗೆಯನ್ನು ಹೊಸೆದು ಒಣಗಿಸಿಟ್ಟುಕೊಳ್ಳುವುದು ಲೇಸು. ಗರಿಗರಿಯಾಗಿ ಒಣಗಿದ ಶಾವಿಗೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಮಳೆಗಾಲವನ್ನು ದಾಟುವುದು.

ನಾಲ್ವರ ಊಟಕ್ಕೆ ಬೇಕಾದ ಸಾಮಗ್ರಿಗಳು

ಚಿಪ್ಪುಸಹಿತವಾದ ಸೀಗಡಿ — 800 ಗ್ರಾಂ
ಗೋಧಿಯ ಒಣಶಾವಿಗೆ — 300 ಗ್ರಾಂ
ಹಣ್ಣಾದ ಟೊಮಾಟೊ — 500 ಗ್ರಾಂ
ಈರುಳ್ಳಿ — 2
ಬೆಳ್ಳುಳ್ಳಿ — 6 ಎಸಳು
ಶೇಂಗಾ ಎಣ್ಣೆ — 4 ದೊಡ್ಡ ಚಮಚ
ದೊಡ್ಡಪತ್ರೆ — 5 ಅಥವಾ 6 ಎಲೆ
ಹಾಲು — 1 ಲೀಟರು, ಪನೀರಿಗಾಗಿ
ನಿಂಬೆಹಣ್ಣು — 2
ಕಾಳುಮೆಣಸಿನ ಪುಡಿ, ಒಣಮೆಣಸಿನಕಾಯಿ, ಉಪ್ಪು — ರುಚಿಗೆ ತಕ್ಕಷ್ಟು

ತಲೆ, ಚಿಪ್ಪುಗಳನ್ನು ತೆಗೆದ ಬಳಿಕ ಸಮುದ್ರದ ಸೀಗಡಿಯಲ್ಲಿ ಸುಮಾರು ಅರ್ಧ ತೂಕದ ಮಾಂಸವು ದೊರೆಯುವುದು. ಸಿಹಿನೀರಿನ ದೊಡ್ಡ ಸೀಗಡಿಗೆ ತಲೆಯೇ ದೊಡ್ಡದಾದ್ದರಿಂದ ಇನ್ನೂ ಕಡಿಮೆ; ಕೊಳ್ಳುವಾಗ ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳತಕ್ಕುದು. ನೂರು ಗ್ರಾಂ ಮಾಂಸದಲ್ಲಿ ಸುಮಾರು 20 ಗ್ರಾಂ ಸಸಾರಜನಕವಿದ್ದು ಕೊಬ್ಬು ಅತ್ಯಲ್ಪವಾಗಿರುವುದು.

ಪಾಕಕ್ರಮ

ಹಿಂದಿನ ದಿನವೇ ಪನೀರನ್ನು ಸಿದ್ಧಪಡಿಸಬೇಕು. ಹಾಲನ್ನು ಕುದಿಸಿ ಇಳಿಸಿ, ಒಂದು ನಿಂಬೆಹಣ್ಣಿನ ರಸವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಒಡೆಯಿಸಿ, ತೆಳುಬಟ್ಟೆಯಲ್ಲಿ ಸೋಸಿ, ಮೇಲೆ ಭಾರವನ್ನು ಹೇರಿ ಒಂದು ಗಂಟೆ ಬಿಡಬೇಕು. ಬಳಿಕ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ 50 ಗ್ರಾಂ ಉಪ್ಪು ಕದಡಿ, ಅದರಲ್ಲಿ ಪನೀರಿನ ತುಂಡುಗಳನ್ನು ಮುಳುಗಿಸಿ ಶೀತಪೆಟ್ಟಿಗೆಯಲ್ಲಿ ಇಡಬೇಕು.

ಮರುದಿನ ಸೀಗಡಿಯ ತಲೆ, ಚಿಪ್ಪುಗಳನ್ನು ಬಿಡಿಸಿ, ಬೆನ್ನನ್ನು ಚಾಕುವಿನ ಮೊನೆಯಿಂದ ಸೀಳಿ, ಒಳಗಿರುವ ಕಪ್ಪು ನಾಳವನ್ನು ಎಳೆದು ಹಾಕಬೇಕು. ಅದು ಸೀಗಡಿಯ ಕರುಳು. ಕೆರೆಯ ಸೀಗಡಿಯಲ್ಲಿ ಅದರೊಳಗೆ ಕೆಸರು ಇರುವುದು. ತೊಳೆದ ಮಾಂಸವನ್ನು ತಣ್ಣಗೆ ಇರಿಸಿ, ಚಿಪ್ಪುಗಳನ್ನು ಅರ್ಧ ಲೀಟರು ನೀರಿನಲ್ಲಿ 15 ನಿಮಿಷ ಕುದಿಸಿ ಸೋಸಿಕೊಳ್ಳಬೇಕು. ಅಡಿಗೆಯ ಸಾರವೆಲ್ಲ ಈ ಕಟ್ಟಿನಲ್ಲಿಯೇ ಇರುವುದರಿಂದ ಚಿಪ್ಪುಗಳನ್ನು ಹಾಗೆಯೇ ತಿಪ್ಪೆಗೆ ಎಸೆಯಕೂಡದು. ಕುದಿಸಿದ ಬಳಿಕ ಅವನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಅಗಲವಾದ ಬಾಣಲೆಯಲ್ಲಿ ಎಣ್ಣೆಯನ್ನು ಕಾಯಿಸಿ, ಸೀಗಡಿಯನ್ನು ಒಂದೇ ಪದರವಾಗಿ ಹರಡಿ, ಪ್ರತಿ ಮಗ್ಗುಲನ್ನು ಒಂದು ನಿಮಿಷ ಬಾಡಿಸಿ ಹೊರತೆಗೆದಿಡಬೇಕು. ಅದೇ ಎಣ್ಣೆಯಲ್ಲಿ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳನ್ನು ಬಾಡಿಸಿ, ಹೆಚ್ಚಿದ ಟೊಮಾಟೊವನ್ನು ಹಾಕಿ, ಚಿಪ್ಪಿನ ಕಟ್ಟನ್ನು ಹೊಯ್ದು, ಗೊಜ್ಜು ಅರ್ಧಕ್ಕೆ ಇಳಿಯುವವರೆಗೆ ಕುದಿಸಬೇಕು.

ಇತ್ತ ಮತ್ತೊಂದು ಪಾತ್ರೆಯಲ್ಲಿ 3 ಲೀಟರು ನೀರಿಗೆ ಉಪ್ಪು ಹಾಕಿ ಚೆನ್ನಾಗಿ ಕುದಿ ಬಂದ ಮೇಲೆ, ಹಸಿವಾಸನೆ ಹೋಗುವಂತೆ ಹುರಿದಿಟ್ಟ ಶಾವಿಗೆಯನ್ನು ಹಾಕಬೇಕು. ಸಣ್ಣ ಎಳೆಗೆ ಎರಡು ಮೂರು ನಿಮಿಷ ಸಾಕು. ಎಳೆಯನ್ನು ಕಚ್ಚಿನೋಡಿದಾಗ ನಡುವೆ ಸ್ವಲ್ಪ ಬಿಗಿಯಿರುವಾಗಲೇ ಬಸಿಯಬೇಕು. ಬಸಿದ ನೀರಿನಲ್ಲಿ ಒಂದು ಲೋಟದಷ್ಟನ್ನು ಉಳಿಸಿಕೊಂಡಿದ್ದರೆ, ಗೊಜ್ಜು ಗಟ್ಟಿಯಾದಲ್ಲಿ ಸಡಿಲಿಸಲು ಒದಗುವುದು.

ಗೊಜ್ಜಿಗೆ ಹೆಚ್ಚಿದ ದೊಡ್ಡಪತ್ರೆ, ಕಾಳುಮೆಣಸು, ಬಾಡಿಸಿಟ್ಟ ಸೀಗಡಿಗಳನ್ನು ಸೇರಿಸಿ ಎರಡು ನಿಮಿಷ ಕುದಿಸಬೇಕು. ಮಾಂಸದ ಪಾರದರ್ಶಕತೆಯು ಹೋಗಿ, ನಡುವಿನವರೆಗೂ ಬೆಳ್ಳಗಾಗಿ, ಮೈ ಬಿಲ್ಲಿನಂತೆ ಬಾಗಿದಲ್ಲಿ ಬೆಂದಿತೆಂದು ತಿಳಿಯಬೇಕು. ಬಿಗಿಯಾಗಿ ಸುರುಳಿ ಸುತ್ತಿಕೊಂಡರೆ ಹೆಚ್ಚಾಗಿ ಬೆಂದು ರಬ್ಬರಿನಂತಾಗಿರುವುದು. ಕೂಡಲೆ ಶಾವಿಗೆಯನ್ನು ಸೇರಿಸಿ, ಎಳೆ ಮುರಿಯದಂತೆ ಮಗುಚಿ, ಪನೀರನ್ನು ಪುಡಿಮಾಡಿ ಉದುರಿಸಿ, ಉಳಿದ ನಿಂಬೆಯನ್ನು ಹಿಂಡಿ ಬಿಸಿಯಾಗಿರುವಾಗಲೇ ಬಡಿಸತಕ್ಕುದು. ಪನೀರಿನಲ್ಲಿ ಉಪ್ಪಿರುವುದರಿಂದ ಗೊಜ್ಜಿಗೆ ಉಪ್ಪನ್ನು ಕೈಹಿಡಿದು ಹಾಕಬೇಕು. ಸೀಗಡಿಯನ್ನು ಉಣ್ಣದ ಮನೆಗಳವರು ಅದರ ಬದಲು ಬೇಯಿಸಿದ ಅಲಸಂದೆ ಕಾಳನ್ನು ಸೇರಿಸಿ ಇದೇ ಕ್ರಮದಿಂದ ಮಾಡಬಹುದು.

ಎಚ್ಚರಿಕೆಗಳು

ಕೆಲವರಿಗೆ ಸೀಗಡಿಯು ಒಗ್ಗುವುದಿಲ್ಲ. ಉಂಡ ಸ್ವಲ್ಪ ಹೊತ್ತಿನಲ್ಲಿಯೇ ಮೈಮೇಲೆ ದದ್ದು ಏಳುವುದು, ತುಟಿ ಬಾಯುವುದು, ಉಸಿರು ಕಟ್ಟುವುದು ಇದರ ಲಕ್ಷಣಗಳು. ಎಷ್ಟು ಬೇಯಿಸಿದರೂ ಈ ಗುಣವು ಹೋಗದು. ಅಂಥವರು ಸೀಗಡಿಯನ್ನು ಪೂರ್ಣವಾಗಿ ಬಿಡಬೇಕು. ಉಸಿರಿಗೆ ತೊಂದರೆಯಾದಲ್ಲಿ ಮನೆಮದ್ದಿಗಾಗಿ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಉಳಿದ ಊಟವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಕೂಡದು.

ಕೆರೆಯ ರಕ್ಷಣೆ

ಕೊನೆಯದಾದರೂ ಮುಖ್ಯವಾದ ಮಾತೊಂದುಂಟು. ಮೆಕ್ಕೆಜೋಳವನ್ನು ತಿನ್ನುವ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲು ಕಂಡುಬಂದುದು 2018ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಯೇ. ಅದನ್ನು ಹತೋಟಿಗೆ ತರಲು ರೈತರು ಕೀಟನಾಶಕಗಳನ್ನು ಸಿಂಪಡಿಸಬೇಕಾಯಿತು. ಹುಳುವೂ ಸೀಗಡಿಯೂ ಸಂಧಿಪದಿಗಳೆಂಬ ಒಂದೇ ದೊಡ್ಡ ವರ್ಗಕ್ಕೆ ಸೇರಿದುವು; ಹುಳುವಿನ ನರಗಳನ್ನು ಕೆಡಿಸುವ ಔಷಧವು ಸೀಗಡಿಯ ನರಗಳನ್ನೂ ಕೆಡಿಸುವುದು. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದುವು ಅತ್ಯಲ್ಪ ಪ್ರಮಾಣದಲ್ಲಿಯೂ ಸೀಗಡಿಗೆ ಮಾರಕವಾದುವು. ಔಷಧದ ಡಬ್ಬಿಯನ್ನೂ ಸಿಂಪಡಣೆಯ ಯಂತ್ರವನ್ನೂ ಕೆರೆಯಲ್ಲಿ ತೊಳೆಯುವ ದುರಭ್ಯಾಸವು ಇರುವಲ್ಲಿ ಸೀಗಡಿಯ ಸಂತತಿಯು ಉಳಿಯದು.

ಆದುದರಿಂದ ಯಂತ್ರವನ್ನು ಹೊಲದಲ್ಲಿಯೇ ತೊಳೆದು, ಆ ನೀರನ್ನು ಸಿಂಪಡಿಸಿದ ಬೆಳೆಯ ಮೇಲೆಯೇ ಚೆಲ್ಲಬೇಕು. ಕೆರೆ ಮತ್ತು ಕಾಲುವೆಯ ಅಂಚಿನಲ್ಲಿ ಕೆಲವು ಸಾಲುಗಳನ್ನು ಸಿಂಪಡಿಸದೆ ಬಿಡಬೇಕು. ಮಳೆಯ ಮೋಡವಿರುವಾಗ ಸಿಂಪಡಿಸಕೂಡದು. ನೀರಿಗೆ ವಿಷವನ್ನು ಹಾಕಿ ಮೀನನ್ನು ಕೊಲ್ಲುವುದನ್ನು 1897ರ ಭಾರತೀಯ ಮತ್ಸ್ಯ ಕಾಯಿದೆಯೇ ಅಪರಾಧವೆಂದು ವಿಧಿಸಿತು. ಕೆರೆಯಲ್ಲಿ ಕಾರಣವಿಲ್ಲದೆ ಸತ್ತು ತೇಲುವ ಮೀನು ಸೀಗಡಿಗಳನ್ನು ಯಾರೂ ಮನೆಗೆ ಒಯ್ಯದಂತೆಯೂ, ದನಕರುಗಳು ಆ ನೀರನ್ನು ಕುಡಿಯದಂತೆಯೂ ಊರ ಮುಖ್ಯಸ್ಥರು ಡಂಗುರ ಹೊಡೆಯಿಸಿ ತಿಳಿಸತಕ್ಕುದು.

ಪೂರ್ವಿಕರು ತೋಡಿಸಿದ ಕೆರೆಯು ಅನ್ನವನ್ನೂ ಕೊಡುವುದು, ಅದರ ಮೇಲೋಗರವನ್ನೂ ಕೊಡುವುದು. ನೀರನ್ನು ಶುದ್ಧವಾಗಿ ಇಟ್ಟುಕೊಂಡ ಊರಿನ ಮನೆಗಳಲ್ಲಿ ಇಂತಹ ಊಟವು ವರ್ಷಕ್ಕೊಮ್ಮೆಯ ಸಂಗತಿಯಾಗದೆ, ಮಕ್ಕಳಿಗೂ ಬಾಣಂತಿಯರಿಗೂ ದುಡಿಯುವವರಿಗೂ ಮತ್ತೆ ಮತ್ತೆ ದೊರೆಯುವ ಪುಷ್ಟಿಕರವಾದ ಆಹಾರವಾಗುವುದು.